ಮಿಷಿನ್ನಿಗೆ ಲೋಬಾನ

ಬಿಳಿಚೋಡಿನ ಅಜ್ಜಮ್ಮನ ಮಾಳಿಗೆಯ ಮೇಲೆ ಗಾಳಿ ಹೀರುವ ಮಿಷಿನ್ ಇಟ್ಟ ದಿನ ಮಮತಾ ಒಂದೇ ಮಾತು ಹೇಳಿದ್ದಳು: “ಅಜ್ಜಿ, ಇದನ್ನ ಯಾರೂ ಮುಟ್ಟಬಾರ್ದು.” ಹೊನ್ನಾಳಿ ಕಡೆಯ ಹುಡುಗಿ, ಗಾಳಿಯ ಧೂಳಿನ ಮೇಲೇ ಸಂಶೋಧನೆ ಮಾಡುವವಳು. ಅಷ್ಟು ಓದಿದವಳಿಗೆ ಇನ್ನೊಂದು ಮಾತು ಹೇಳಲು ಏನು ದಾಡಿಯಾಗಿತ್ತೋ!

ಊರಾಚೆ ಹಳೇ ಟೈರು ಸುಟ್ಟು ಎಣ್ಣೆ ತೆಗೆಯುವ ಕಾರ್ಖಾನೆ. ಅದು ಶುರುವಾದ ಮೇಲೆ ಅಜ್ಜಮ್ಮನ ಮೊಮ್ಮಗಳು ಆಶಾಳಿಗೆ ದಮ್ಮು ಹತ್ತಿತ್ತು. ಮಿಷಿನ್ನಿನೊಳಗೆ ವಾರಕ್ಕೊಂದು ತಾನಾಗಿ ಬದಲಾಗುವ ಬಿಳಿ ಹಾಳೆಯ ಮೇಲೆ ಧೂಳು ಕೂರುತ್ತದೆ. ಆ ಧೂಳಿನ ಮೈಗೆ ಅಂಟಿದ ವಿಷ ಯಾವುದರದ್ದು ಅಂತ ಲ್ಯಾಬಿನಲ್ಲಿ ಹೇಳುತ್ತಾರೆ. ಟೈರಿನದ್ದೇ ಅಂತ ಬಂದರೆ ಕಾರ್ಖಾನೆಗೆ ಬೀಗ. ಕೂಸು ನೆಟ್ಟಗೆ ಉಸಿರಾಡಬೇಕಾದರೆ ಇದ್ದದ್ದು ಅದೊಂದೇ ದಾರಿ.

ಬಂದದ್ದೇ ಬೇರೆ. ಹತ್ತಿರದ ಹೊಗೆ ದಟ್ಟವಾಗಿ ಕೂತರೆ ದೂರದ ಹೊಗೆಯ ಗುರುತು ಅದರಲ್ಲಿ ಮುಚ್ಚಿಹೋಗುತ್ತದೆ. ನೋಡಿದರೆ ಎಲ್ಲ ಹಾಳೆಯಲ್ಲೂ ಲೋಬಾನ, ಕರ್ಪೂರ! ಕಾರ್ಖಾನೆ ಮುಚ್ಚಿಸಲು ಮಮತಾ ಹಾಕಿದ್ದ ಅರ್ಜಿಯ ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲ ಗುರುಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದು ದೇವರ ಮನೆ ಹೊಗೆ ಸಾರ್, ನಮ್ದಲ್ಲ,” ಎಂದ. ಮಾಲಿನ್ಯ ಮಂಡಳಿಯ ಅಧಿಕಾರಿ ಅರ್ಜಿ ವಜಾ ಮಾಡಿ ಊಟಕ್ಕೆ ಎದ್ದ.

ಮಮತಾ ಕುದಿಯುತ್ತಲೇ ಬಿಳಿಚೋಡಿಗೆ ಬಂದು ಮಾಳಿಗೆ ಹತ್ತಿದಳು. ಮಿಷಿನ್ನಿನ ಮುಂದೆ ರಂಗೋಲಿ, ಲೋಬಾನದ ಬಟ್ಟಲು, ಬೂದಿ.

“ಇದೆಲ್ಲಾ ನೀವೇನಾ ಅಜ್ಜಿ ಮಾಡಿದ್ದು?”

“ಮತ್ಯಾರವ್ವ? ಕೂಸಿನ ಉಸಿರು ಉಳ್ಸಾಕೆ ಬಂದ ದೇವ್ರು ಇದು. ಮಂಗಳಾರ, ಶುಕ್ರಾರ ತಪ್ಸಿಲ್ಲ. ಆಣೆ ಮಾಡಿ ಹೇಳ್ತೀನಿ, ಮುಟ್ಟಿಲ್ಲ ಮಾತ್ರ. ದೂರದಿಂದ್ಲೇ ಹೊಗೆ ಹಾಕೀನಿ.”

ಮಮತಾಳ ಸಿಟ್ಟು ಬಾಯಿಗೆ ಬಂದೇಬಿಟ್ಟಿತು. “ಆ ಹೊಗೆನೇ ಹಾಳೆ ಮೇಲೆ ಕೂತೈತೆ! ಟೈರಿಂದಲ್ಲ, ನಿಮ್ಮನೆ ಹೊಗೆ ಅಂದ್ಬಿಟ್ರು. ಎಲ್ಲಾ ಹಾಳಾಗೋಯ್ತು!”

ಕೆಳಗೆ ಆಶಾ ಕೆಮ್ಮುತ್ತಿದ್ದಳು. ಅಜ್ಜಮ್ಮ ಲೋಬಾನದ ಬಟ್ಟಲನ್ನು ಕೈಗೆತ್ತಿಕೊಂಡಳು.

“ಹಂಗಾರೆ ಕೂಸಿಗೆ ದಮ್ಮು ತಂದಿದ್ದು ನಾನಾ?”

ಅಯ್ಯೋ, ತನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಅನ್ನಿಸಿತು ಮಮತಾಳಿಗೆ. “ಅಲ್ಲ ಅಜ್ಜಿ, ಹಂಗಲ್ಲ, ಅದು ಕಾರ್ಖಾನೆದೇ...” ಎಂದು ಕೈಹಿಡಿದು ಅಂಗಲಾಚಿದಳು.

“ಲ್ಯಾಬಿನೋರು ಸುಳ್ಳು ಹೇಳ್ತಾರಾ?” ಎಂದಳು ಅಜ್ಜಮ್ಮ. ನೀನೇ ತಂದ ಮಿಷಿನ್ನಲ್ಲವೇ ಅನ್ನುವಂತೆ ನೋಡಿದಳು.

ಅಂದಿನಿಂದ ಆ ಮನೆಯ ದೇವರಿಗೆ ದೀಪವಿಲ್ಲ. ಈಗಲೂ ಕಾರ್ಖಾನೆಯ ಕಡೆಯಿಂದ ಕಪ್ಪು ಹೊಗೆ ಬಂದು ಆಶಾ ಕೆಮ್ಮಿದರೆ ಸಾಕು, ಅಜ್ಜಮ್ಮ ಎದ್ದು ಹೋಗಿ ತನ್ನ ಒಲೆಗೆ ನೀರು ಹೊಯ್ಯುತ್ತಾಳೆ.