ಮುರುಗಪ್ಪನ ಅಂಗಡಿಯ ದುರ್ಬೀನು

ಕಾಟಲಿಂಗಪ್ಪ ಕುರಿ ಮಾರಲು ಚಿತ್ರದುರ್ಗಕ್ಕೆ ಹೋದನೆಂದರೆ ಮುರುಗಪ್ಪನ ಗುಜರಿ ಅಂಗಡಿ ಹೊಗದೆ ಬಸ್ಸು ಹತ್ತಿದವನಲ್ಲ. ಹೆಂಡದ ಚಟ ಕಂಡಿದ್ದೇವೆ, ಇಸ್ಪೀಟಿನ ಚಟ ಕಂಡಿದ್ದೇವೆ, ಇದೆಂಥ ಚಟವೋ ಎಂದು ಹಿರಿಯೂರು ಕಡೆಯ ಅವನ ಗೊಲ್ಲರಹಟ್ಟಿಯಲ್ಲಿ ಎಲ್ಲರೂ ನಗುತ್ತಿದ್ದರು. ನಗಲಿ ಬಿಡಿ. ಮರಿಗಳನ್ನು ತೂಗುವ ಸ್ಪ್ರಿಂಗ್ ತಕ್ಕಡಿ ಹಟ್ಟಿಗೆ ಬಂದದ್ದು ಆ ಅಂಗಡಿಯಿಂದಲೇ. ತೋಳದ ಕಾಟ ಹೆಚ್ಚಿದಾಗ ಹಟ್ಟಿಯವರು ಓಡಿಬಂದು ಕೇಳುತ್ತಿದ್ದ ಮೂರು ಸೆಲ್ಲಿನ ಬ್ಯಾಟರಿಯೂ ಅಲ್ಲಿಯದೇ. ಬೇಕಾದಾಗ ಒಯ್ಯುವುದು, ಆಮೇಲೆ ಆಡಿಕೊಳ್ಳುವುದು, ಜನರ ಬುದ್ಧಿಯೇ ಅಷ್ಟು.

ಹೆಂಡತಿ ತೀರಿಹೋದ ಮೇಲೆ ಅವನ ಮನೆ ನಡೆಸುತ್ತಿದ್ದವಳು ಅಕ್ಕ ದೊಡ್ಡಕ್ಕ. "ದುರ್ಗದ ಕಸ ಎಲ್ಲಾ ನಮ್ಮನೇಗೇ ಬರ್ಬೇಕೇನಲೇ?" ಎಂದು ಅವಳು ಪ್ರತಿಸಲವೂ ಗೊಣಗುತ್ತಿದ್ದಳು.

ಆ ಸಲ ಮುರುಗಪ್ಪ ಒಂದು ಗೋಣಿಚೀಲ ತಂದು ಅವನ ಮುಂದೆ ಸುರುವಿದ. ಕೈ ಮುರಿದ ಗಡಿಯಾರ, ರೇಡಿಯೋದ ಹೊಟ್ಟೆ, ಸೈಕಲ್ಲಿನ ಡೈನಮೋ. ಅವುಗಳ ನಡುವೆ ಚರ್ಮದ ಪಟ್ಟಿಯಿದ್ದ ಕಪ್ಪನೆಯ ಜೋಡಿ ಕೊಳವೆ.

"ಇದೇನ್ರಿ ಇದು?" ಎಂದ ಕಾಟಲಿಂಗಪ್ಪ.

"ದುರ್ಬೀನು. ಮಿಲಿಟ್ರಿಯವರದ್ದಂತೆ. ಒಂದು ಕಣ್ಣು ಮಂಜಾಗೈತೆ, ಇನ್ನೊಂದು ಸರಿಯಾಗೈತೆ. ಬಾಗಿಲಿಗೆ ಬಂದು ಕೋಟೆ ಕಡೆ ಹಿಡಿದು ನೋಡ್ರಿ."

ಮೊದಲು ಬರೀ ಮಸುಕು. ಮುರುಗಪ್ಪ ನಡುವಿನ ಗಾಲಿಯನ್ನು ಚೂರು ತಿರುಗಿಸಿದ. ಬೆಟ್ಟದ ಮೇಲಿನ ಕೋಟೆಗೋಡೆ ನಡೆದು ಬಂದು ಅಂಗಡಿ ಮುಂದೆ ನಿಂತಿತು. ಕಲ್ಲಿನ ಸಂದಿಯಲ್ಲಿ ಮೇಕೆಯೊಂದು ಮೇಯುತ್ತಿತ್ತು. ಅದರ ಗಡ್ಡ ಅಲ್ಲಾಡುವುದೂ ಕಂಡಿತು. ಕಾಟಲಿಂಗಪ್ಪ ಅದನ್ನು ಮುಟ್ಟಲು ಕೈ ಚಾಚಿ, ದಾರಿಹೋಕನೊಬ್ಬನ ಟೋಪಿ ಕೆಡವಿ ಬೈಸಿಕೊಂಡ.

"ಕುರಿ ಕಾಯೋರಿಗೆ ಭಾಳ ಉಪಯೋಗ" ಎಂದ ಮುರುಗಪ್ಪ. ಕಾಟಲಿಂಗಪ್ಪನಿಗೆ ಆಗ ಕುರಿಯ ನೆನಪೇ ಇರಲಿಲ್ಲ. ಹೆಗಲ ಮೇಲಿದ್ದ ಹೊಸ ಕಂಬಳಿಯನ್ನು ಕೊಟ್ಟು ದುರ್ಬೀನನ್ನು ಕೊರಳಿಗೆ ಹಾಕಿಕೊಂಡ.

ಮಗಳು ಚಿತ್ತಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಡೆದವಳು ಸೂತಕ ಕಳೆಯುವ ತನಕ ಕೂಸಿನೊಂದಿಗೆ ಹಟ್ಟಿಯ ಆಚೆ, ಹಳ್ಳದ ದಂಡೆಯ ಗುಡಿಸಲಲ್ಲಿ ಇರಬೇಕು. ಯಾರೂ ಹತ್ತಿರ ಹೋಗುವ ಹಾಗಿಲ್ಲ. ದೊಡ್ಡಕ್ಕ ಮುದ್ದೆ ಸಾರು ತಂದು ನಡುದಾರಿಯ ಬಂಡೆಯ ಮೇಲಿಟ್ಟು ಹಿಂದೆ ಸರಿದ ಮೇಲೆ ಚಿತ್ತಮ್ಮ ಬಂದು ಒಯ್ಯುತ್ತಿದ್ದಳು. ಮೊಮ್ಮಗ ಹುಟ್ಟಿ ವಾರದ ಮೇಲಾಗಿತ್ತು. ತಾತನಿಗೆ ಕಂಡದ್ದು ದೂರದ ಬಟ್ಟೆಗಂಟು ಮಾತ್ರ. ಆ ಮುಖವನ್ನೊಮ್ಮೆ ನೋಡಲು ಅವನ ಜೀವ ಚಡಪಡಿಸುತ್ತಿತ್ತು.

ದುರ್ಬೀನು ಕಂಡ ದೊಡ್ಡಕ್ಕ ಸೊಂಟಕ್ಕೆ ಕೈಯಿಟ್ಟಳು. "ಅದರಾಗೆ ನೋಡಿದ್ರೆ ನಿನ್ನ ಕಣ್ಣು ಗುಡ್ಲಿಗೆ ಹೋದಂಗಾತು. ಸೂತಕ ಮುಟ್ತು."

"ಕಣ್ಣು ಇಲ್ಲೇ ಇರ್ತೈತಕ್ಕ. ಕೂಸೇ ಇಲ್ಲಿಗೆ ಬರ್ತೈತೆ."

"ಹಂಗಾದ್ರೆ ಇನ್ನೂ ಕೆಟ್ಟದ್ದು. ಸೂತಕ ಹಟ್ಟಿ ಒಳಗೇ ಬಂತಲ್ಲಪ್ಪ."

ಅಕ್ಕ ತಮ್ಮಂದಿರು ಸಂಜೆಯವರೆಗೂ ಕಿತ್ತಾಡಿದರು. ಕಟ್ಟುಕಟ್ಟಳೆಯ ಮಾತಿನಲ್ಲಿ ದೊಡ್ಡಕ್ಕನನ್ನು ಗೆದ್ದವರು ಹಟ್ಟಿಯಲ್ಲಿ ಯಾರೂ ಇರಲಿಲ್ಲ. ಕಡೆಗೆ ಅವಳೇ ತೀರ್ಪು ಕೊಟ್ಟಳು: ಮುಳ್ಳುಬೇಲಿಯ ಆಚೆ ನಿಂತು ನೋಡಬೇಕು, ತಲೆಗೆ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ನೀರೆಂದರೆ ಮೈಲಿ ದೂರ ಓಡುವ ಮನುಷ್ಯ ದಿನಾ ಮೀಯತೊಡಗಿದ. ವಾಸನೆಯ ಗುರುತು ಸಿಗದೆ ಅವನ ನಾಯಿಯೇ ಅವನಿಗೆ ಬೊಗಳಿತು.

ಬೊಗಳಿದರೆ ಬೊಗಳಲಿ, ಅವನಿಗೆ ಕೂಸು ಕಂಡಿತ್ತು. ತನ್ನದೇ ಮೊಂಡು ಮೂಗು. ಆಕಳಿಸುವಾಗ ಬಾಯಿ ಎಷ್ಟಗಲ ತೆರೆಯುತ್ತದೆ, ಎಡಗೈ ಮುಷ್ಟಿಯನ್ನು ಹೇಗೆ ಬಿಗಿ ಹಿಡಿಯುತ್ತದೆ ಎಂದು ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದ. ಅವಳು ಬೇಡವೆನ್ನುತ್ತಲೇ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ದೊಡ್ಡಕ್ಕ ಬಂಡೆಯ ಮೇಲೆ ಬುತ್ತಿಯಿಟ್ಟು ಬೇಲಿಯ ಹತ್ತಿರ ಬಂದು ನಿಂತು, "ಹೆಂಗಿದೀಯೇ?" ಎಂದು ದಿನದಂತೆ ಕೂಗಿದಳು. ಗುಡಿಸಲ ಬಾಗಿಲಲ್ಲಿ ನೆಟ್ಟಗೆ ನಿಂತ ಚಿತ್ತಮ್ಮ, "ಚೆನ್ನಾಗಿದೀನಿ ಅತ್ತೆ, ನೀವು ಹೋಗ್ರಿ" ಎಂದು ಕೂಗಿ ಕೈಯೆತ್ತಿದಳು. ದೊಡ್ಡಕ್ಕ ತಿರುಗಿ ಹೊರಟಳು.

ಪಕ್ಕದಲ್ಲೇ ನಿಂತಿದ್ದ ಕಾಟಲಿಂಗಪ್ಪ ಮಾತ್ರ ದುರ್ಬೀನು ಇಳಿಸಿರಲಿಲ್ಲ. ಇಷ್ಟು ದಿನ ಕೂಸನ್ನೇ ನೋಡಿದವನು ಅಂದು ಮಗಳನ್ನು ನೋಡಿದ. ಅತ್ತೆ ಬೆನ್ನು ತಿರುಗಿಸಿದ್ದೇ ತಡ, ಅವಳು ಗುಡಿಸಲ ಕಂಬ ಹಿಡಿದು ಕುಸಿದಳು. ತುಟಿ ಒಡೆದು ಬೆಳ್ಳಗಾಗಿತ್ತು, ಬಿಸಿಲಿನಲ್ಲೂ ಮೈ ಗಡಗಡ ನಡುಗುತ್ತಿತ್ತು. ಅಂಗೈ ಊರಿ ತೆವಳಿಕೊಂಡು ಅವಳು ಒಳಗೆ ಹೊರಟಳು.

"ಅಕ್ಕ, ಬಾ ಇಲ್ಲಿ. ನೋಡು" ಎಂದು ದುರ್ಬೀನನ್ನು ಅವಳ ಕೈಗೆ ತುರುಕಿದ.

ಅವಳು ಬೇಡವೆನ್ನಲಿಲ್ಲ. ಕಣ್ಣಿಗೆ ಹಿಡಿದಾಗ ಚಿತ್ತಮ್ಮ ಇನ್ನೂ ಹೊಸ್ತಿಲಲ್ಲೇ ತೆವಳುತ್ತಿದ್ದಳು.

"ನಾನು ಹೋಗ್ತೀನಿ. ಸೂತಕ ಬಂದ್ರೆ ಬರ್ಲಿ" ಎಂದು ಕಾಟಲಿಂಗಪ್ಪ ಹೆಜ್ಜೆಯಿಟ್ಟ.

ದೊಡ್ಡಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು. "ನೀನು ಹೋಗಿ ಏನು ಮಾಡ್ತೀಯ? ಹಿರಿಯೂರಿಗೆ ಓಡು, ಡಾಕ್ಟ್ರನ್ನ ಕರ್ಕಂಡು ಬಾ. ಅವಳ ಹತ್ರ ನಾನಿರ್ತೀನಿ."

"ನೀನಾ?"

"ನಾನೂ ಆ ಗುಡ್ಲಾಗೆ ನಿಂತು ಹಿಂಗೇ ಕೂಗ್ತಿದ್ದೆ ಕಣೋ, ಚೆನ್ನಾಗಿದೀನಿ ಅಂತ. ನನ್ನ ಕೂಸು ಹೋದ ದಿನಾನೂ ಹಂಗೇ ಕೂಗಿದ್ದೆ. ಎಲ್ಲಾರೂ ನಂಬಿ ಹೋದ್ರು."

ದುರ್ಬೀನನ್ನು ಅವನ ಕೊರಳಿಗೆ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹೊರಟಳು. ಬಂಡೆಯ ಹತ್ತಿರ ನಿಂತು ಬುತ್ತಿಯನ್ನು ಎತ್ತಿಕೊಂಡಳು. ಬಂಡೆ ದಾಟಿದ ಮೇಲೆ ಒಮ್ಮೆ ತಿರುಗಿದಳು.

"ನಾಳೆಯಿಂದ ಇಬ್ಬರಿಗೆ ಮುದ್ದೆ ತಂದಿಡು" ಎಂದು ಕೂಗಿದಳು.