ಯಾರಿಗೂ ಇಲ್ಲದ ಹೆಸರು

ಮಗಳಿಗೆ ಹೆಸರು ಹುಡುಕಲು ನಾನು ಐದು ತಿಂಗಳು ತೆಗೆದುಕೊಂಡೆ. ಅಷ್ಟರಲ್ಲಿ ಅವಳು ಮಗುಚಿಕೊಳ್ಳುವುದನ್ನು ಕಲಿತು, ಎದುರುಮನೆಯ ಬೆಕ್ಕಿನ ಗುರುತು ಹಿಡಿದು ನಗುವಷ್ಟು ದೊಡ್ಡವಳಾಗಿದ್ದಳು. ಮನೆಯಲ್ಲಿ ಎಲ್ಲರೂ 'ಮರಿ' ಎಂದು ಕರೆಯುತ್ತಿದ್ದರು.

"ರೀ, ಏನೋ ಒಂದು ಇಟ್ಟುಬಿಡಿ. ಆಸ್ಪತ್ರೆ ಚೀಟಿಯಲ್ಲಿ ಇನ್ನೂ 'ಹೆಣ್ಣು ಮಗು' ಅಂತಲೇ ಇದೆ" ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಯಾವ ಲೆಕ್ಕವೂ ಐದು ತಿಂಗಳು ಹಿಡಿಯಬಾರದು ಎಂಬುದು ಅವಳ ನಂಬಿಕೆ.

"ಏನೋ ಒಂದು ಇಡೋಕೆ ಇದೇನು ಕಪಾಟಾ?" ಎಂದು ನಾನು ಗಂಭೀರವಾಗಿ ಉತ್ತರಿಸುತ್ತಿದ್ದೆ.

ನಾನು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಊರು, ಕೆರೆ, ದಾರಿಗಳ ಹೆಸರನ್ನು ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬರೆದು ಬರೆದು, ಹೆಸರಿನ ವಿಷಯದಲ್ಲಿ ನನ್ನನ್ನು ಬಿಟ್ಟರೆ ಇನ್ನಿಲ್ಲ ಎಂಬ ಭ್ರಮೆ ತಲೆಗೇರಿತ್ತು. ನಮ್ಮ ಬೀದಿಯಲ್ಲಂತೂ ಒಂದೇ ಹೆಸರಿನ ನಾಲ್ಕು ಹುಡುಗಿಯರಿದ್ದರು. ನನ್ನ ಮಗಳಿಗೆ ಆ ಗತಿ ಬರಬಾರದು ಎಂದು ಪಣ ತೊಟ್ಟಿದ್ದೆ. ಹೆಸರಿಗೆ ಅರ್ಥವೂ ಇರಬೇಕು, ಅದು ಯಾರಿಗೂ ಇರಲೂಬಾರದು.

ಒಂದು ಮಧ್ಯಾಹ್ನ ಕಡಲತೀರದ ಹಳೆಯ ನಕ್ಷೆಯೊಂದನ್ನು ಹೊಸ ಹಾಳೆಗೆ ಇಳಿಸುತ್ತಿದ್ದೆ. ಹೊಳೆಯೊಂದು ಬಳುಕಿ ಬಂದು ಸಮುದ್ರ ಸೇರುವ ಜಾಗದಲ್ಲಿ ನೀಲಿ ಶಾಯಿಯಿಂದ 'ಅಳಿವೆ' ಎಂದು ಬರೆದೆ. ಬರೆದ ಕೈ ಅಲ್ಲೇ ನಿಂತಿತು. ಹೊಳೆಯ ಬಾಯಿ! ಸಿಹಿನೀರು ಉಪ್ಪುನೀರನ್ನು ತಬ್ಬಿಕೊಳ್ಳುವ ಜಾಗ! ನನ್ನ ಜಾಣತನಕ್ಕೆ ನನಗೇ ಮೈ ಜುಮ್ಮೆಂದಿತು. ಪಕ್ಕದ ಮೇಜಿನವರಿಗೂ ಹೇಳದೆ ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ.

"ಅಳಿವು ಅಂತ ಯಾರಾದ್ರೂ ಮಗೂಗೆ ಹೆಸರಿಡ್ತಾರಾ? ಹಾಳಾಗಿ ಹೋಗೋದು ಅಂತಲ್ವಾ ಅದರರ್ಥ?" ಎಂದರು ಅತ್ತೆ.

"ಅಳಿವು ಅಲ್ಲ ಅತ್ತೆ, ಅಳಿವೆ. ವೆ, ವೆ!"

"ಅಳುವೆ?"

ಇಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹೆಂಡತಿ ಮಾತ್ರ ಮಗುವನ್ನು ಮಡಿಲಿಗೆ ಎಳೆದುಕೊಂಡು, "ಕೇಳೋಕೆ ಚೆನ್ನಾಗಿದೆ. ಆದರೆ ಜೀವನಪೂರ್ತಿ ವಿವರಿಸಬೇಕಾದವಳು ಅವಳು, ನೀವಲ್ಲ" ಎಂದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಜನನ ನೋಂದಣಿ ಕಚೇರಿಯ ಗುಮಾಸ್ತರು ಫಾರಂ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಇಪ್ಪತ್ತು ವರ್ಷದಿಂದ ಇದೇ ಕುರ್ಚಿಯಲ್ಲಿದ್ದೀನಿ ಸ್ವಾಮಿ, ಇಂಥ ಹೆಸರು ಬರೆದಿಲ್ಲ" ಎಂದರು. ಅವರು ಮರುಕದಿಂದ ಹೇಳಿದ್ದನ್ನು ನಾನು ಹೊಗಳಿಕೆ ಎಂದು ತಿಳಿದು ಎದೆಯುಬ್ಬಿಸಿಕೊಂಡು ಬಂದೆ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನನ್ನ ಜಾಣತನದ ಫಲ ಅವಳಿಗೆ ಸಿಗತೊಡಗಿತು. ಹಾಜರಿ ಕೂಗುವ ಟೀಚರ್ ಮೊದಲ ದಿನವೇ "ಅಳುವೆ" ಎಂದರಂತೆ. ಹಿಂದಿನ ಬೆಂಚಿನಿಂದ ಯಾರೋ "ಯಾಕೆ ಅಳ್ತೀಯೆ?" ಎಂದರಂತೆ. ಅಲ್ಲಿಂದ ಮುಂದೆ ಅದೇ ದಿನಚರಿ. ಆಗ ಅವಳು ಮನೆಯಲ್ಲಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೂ, ಇಂಥ ಅಪರೂಪದ ಹೆಸರಿಟ್ಟ ಅಪ್ಪನ ಬಗ್ಗೆ ಗೆಳತಿಯರು ಏನಂತಾರೆ ಎಂದು ಕೇಳುತ್ತಿದ್ದೆನೇನೋ.

ಎರಡನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಅವಳು ಬಾಗಿಲು ದಾಟಿ, ಚೀಲ ಕೆಳಗಿಟ್ಟು, ಅಮ್ಮನ ಸೊಂಟ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮೊಣಕಾಲು ಸಿಗಿದು ಹೋಗಿತ್ತು. ಕಾಲುಚೀಲದಲ್ಲಿ ರಕ್ತ ಒಣಗಿ ಅಂಟಿಕೊಂಡಿತ್ತು.

"ಯಾವಾಗ ಬಿದ್ದೆ ಮರಿ?" ಎಂದು ಹೆಂಡತಿ ಕೇಳಿದಳು.

"ಬೆಳಿಗ್ಗೆ."

"ಬೆಳಿಗ್ಗೆಯಿಂದ ಯಾರಿಗೂ ಹೇಳಲಿಲ್ವಾ?"

"ಹೇಳಿದ್ರೆ ಅಳು ಬರ್ತಿತ್ತು. ನಾನು ಅತ್ರೆ ಎಲ್ಲರೂ ನಗ್ತಾರೆ. ಹೆಸರಿಗೆ ತಕ್ಕ ಹಾಗೆ ಅಂತಾರೆ."

ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಬಿಸಿನೀರಲ್ಲಿ ಬಟ್ಟೆ ಅದ್ದಿ ಗಾಯ ಒರೆಸತೊಡಗಿದಳು. ತಿರುಗಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು ಮಗಳ ಪಕ್ಕ ಕೂತು, ನನಗೆ ಗೊತ್ತಿದ್ದ ಒಂದೇ ಔಷಧಿ ಕೊಡಲು ಹೊರಟೆ. "ನೋಡು ಮರಿ, ಅಳಿವೆ ಅಂದರೆ ಹೊಳೆ ಸಮುದ್ರವನ್ನು ಸೇರುವ..."

"ಗೊತ್ತು. ನೂರು ಸಲ ಹೇಳಿದ್ದೀಯ. ನೀನು ನೋಡಿದ್ದೀಯಾ ಅಪ್ಪ?"

ನಾನು ನೋಡಿರಲಿಲ್ಲ. ಮೂವತ್ತೆಂಟು ವರ್ಷದ ನನ್ನ ಜೀವನದಲ್ಲಿ ಒಂದೇ ಒಂದು ಅಳಿವೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಬರೆದಿದ್ದೆ, ಅಷ್ಟೆ. ಅದೂ ಇನ್ಯಾರೋ ಬರೆದದ್ದನ್ನು ನೋಡಿ.

ರಜೆ ಬಂದೊಡನೆ ಮೂವರೂ ಬಸ್ಸು ಹತ್ತಿದೆವು. ಏಳು ಗಂಟೆಯ ದಾರಿ. ನಾನು ನಕ್ಷೆಯ ಪ್ರತಿಯೊಂದನ್ನು ಸುರುಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಖಜಾನೆ ಕಾಯುವವನ ಹಾಗೆ ಕೂತಿದ್ದೆ. ಇಳಿದ ಮೇಲೆ ಯಾರನ್ನೂ ದಾರಿ ಕೇಳಲು ಬಿಡಲಿಲ್ಲ. ನಕ್ಷೆ ಬರೆದವನೇ ಜೊತೆಗಿರುವಾಗ ಕೇಳುವುದೆಂದರೇನು? ಉರಿಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆಸಿ, ಇಬ್ಬರನ್ನೂ ಒಂದು ಮರಳುದಿಬ್ಬದ ಮೇಲೆ ತಂದು ನಿಲ್ಲಿಸಿದೆ. ಒಂದು ಕಡೆ ಮರಳು. ಇನ್ನೊಂದು ಕಡೆಯೂ ಮರಳು.

"ಇದಾ?" ಎಂದಳು ಮಗಳು.

ಬಲೆ ಸರಿಮಾಡುತ್ತಾ ಕೂತಿದ್ದ ಮೀನುಗಾರನೊಬ್ಬ ನನ್ನ ನಕ್ಷೆಯನ್ನು ಇಸಿದುಕೊಂಡು, ಒಮ್ಮೆ ತಲೆಕೆಳಗು ಮಾಡಿ ನೋಡಿದ. "ಇದು ಯಾವ ಕಾಲದ್ದಣ್ಣ? ಅಳಿವೆ ಒಂದೇ ಕಡೆ ಕೂತಿರುತ್ತಾ? ಮರಳು ತಳ್ಳಿದ ಹಾಗೆ ಅದೂ ಸರೀತಾ ಹೋಗುತ್ತೆ. ಈಗ ಅಲ್ಲಿದೆ ನೋಡಿ, ಆಸ್ಪತ್ರೆ ಹತ್ತಿರ." ಅವನು ಬೆರಳು ತೋರಿಸಿದ್ದು ನಾವು ಬಸ್ಸಿನಿಂದ ಇಳಿದ ಜಾಗವನ್ನು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿಸಿಲಿಗಂತೂ ಅಲ್ಲ.

ವಾಪಸು ನಡೆದೆವು. ಅಲ್ಲಿ ನೀರಿತ್ತು. ಆದರೆ ತಬ್ಬಿಕೊಳ್ಳುವುದು ಗಿಬ್ಬಿಕೊಳ್ಳುವುದು ಏನೂ ಇರಲಿಲ್ಲ. ಸಮುದ್ರದ ನೀರು ಹಿಂದೆ ಸರಿಯುವ ಇಳಿತದ ಹೊತ್ತು. ಕಂದುಬಣ್ಣದ ನೀರು ಕೆಸರಿನ ನಡುವೆ ಸೋಮಾರಿಯಾಗಿ ಹರಿಯುತ್ತಿತ್ತು. ಒಣಮೀನಿನ ವಾಸನೆ ಮೂಗಿಗೆ ಅಡರುತ್ತಿತ್ತು. ಏನು ಹೇಳಲಿ ಎಂದು ನಾನು ಪದ ಹುಡುಕುತ್ತಿರುವಾಗ ಹಿಂದಿನಿಂದ ಒಂದು ದೊಡ್ಡ ದನಿ ಬಂತು.

"ಅಳಿವೇ! ಬಾರೇ ಇಲ್ಲಿ!"

ಮಗಳು ಬೆಚ್ಚಿ ತಿರುಗಿದಳು. ಅಲ್ಲೇ ಕೆಸರಲ್ಲಿ ಆಡುತ್ತಿದ್ದ ಊರಿನ ಮೂವರು ಹುಡುಗಿಯರೂ ಅವಳೊಡನೆ ತಿರುಗಿದರು. ದೋಣಿಯಲ್ಲಿ ನಿಂತಿದ್ದ ಒಬ್ಬ ದೊಡ್ಡ ಹುಡುಗಿಯೂ ತಿರುಗಿ, "ಯಾವ ಅಳಿವೆ, ನರ್ಸಮ್ಮಾ?" ಎಂದು ಕೂಗಿದಳು.

"ಹಲ್ಲು ಅಳಿವೆ ಕಣೇ! ಔಷಧಿ ಕುಡಿಯದೆ ಓಡಿಹೋಗಿದ್ದಾಳೆ!"

ಮುಂದಿನ ಹಲ್ಲು ದೊಡ್ಡದಿದ್ದ ಹುಡುಗಿಯೊಬ್ಬಳು ಮುಖ ಕಿವುಚಿಕೊಂಡು ಆಸ್ಪತ್ರೆಯ ಜಗಲಿಯ ಕಡೆ ನಡೆದಳು. ನನ್ನ ಮಗಳು ನನ್ನ ಕೈ ಬಿಟ್ಟು ಅವಳ ಹಿಂದೆಯೇ ಓಡಿದಳು. ಜಗಲಿಯಲ್ಲಿ ನಿಂತಿದ್ದ ವಯಸ್ಸಾದ ನರ್ಸ್ ಎದುರು ನಿಂತು, "ನನ್ನ ಹೆಸರೂ ಅಳಿವೆ" ಎಂದಳು. ಅಷ್ಟು ಜೋರಾಗಿ ಅವಳು ತನ್ನ ಹೆಸರು ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಹೌದಾ? ನಿಮ್ಮಮ್ಮನ ಹೆರಿಗೆ ನಾನು ಮಾಡಿಸಿಲ್ವಲ್ಲ!" ಎಂದು ನರ್ಸಮ್ಮ ನಕ್ಕರು.

ನಾನು ಹತ್ತಿರ ಹೋಗಿ ವಿಚಾರಿಸಿದೆ. ಆ ಊರಲ್ಲಿ ಹನ್ನೊಂದು ಅಳಿವೆಯರಿದ್ದರು. "ಇಲ್ಲಿನವರು ಹೆಸರು ಯೋಚಿಸಿಕೊಂಡು ಬರಲ್ಲ ಸಾರ್. ನೀವೇ ಏನಾದ್ರೂ ಬರೆದುಬಿಡಿ ನರ್ಸಮ್ಮ ಅಂತಾರೆ. ನನಗೆ ಕೈತುಂಬ ಕೆಲಸ. ಕಿಟಕಿಯಿಂದ ಹೊರಗೆ ನೋಡ್ತೀನಿ, ಕಂಡದ್ದು ಬರೀತೀನಿ. ನಾಲ್ಕು ಜನ 'ದೋಣಿ' ಕೂಡ ಇದ್ದಾರೆ. ನೀವು ಹೇಗೆ ಇಟ್ರಿ?"

"ಐದು ತಿಂಗಳು ಯೋಚನೆ ಮಾಡಿ" ಎಂದಳು ಹೆಂಡತಿ, ನಾನು ಬಾಯಿ ತೆರೆಯುವ ಮೊದಲೇ.

"ಅಯ್ಯೋ ಪಾಪ" ಎಂದರು ನರ್ಸಮ್ಮ. ನಿಜವಾದ ಕನಿಕರದಿಂದಲೇ ಅಂದದ್ದು.

ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಹಲ್ಲು ಅಳಿವೆಯನ್ನು ಕೇಳುತ್ತಿದ್ದಳು: "ನಿನ್ನನ್ನು ಯಾರೂ 'ಅಳುವೆ' ಅಂತ ರೇಗಿಸಲ್ವಾ?"

"ಯಾಕೆ ರೇಗಿಸ್ತಾರೆ? ಕ್ಲಾಸಲ್ಲಿ ನಾವೇ ಐದು ಜನ ಇದ್ದೀವಿ" ಎಂದಳು ಅವಳು, ಔಷಧಿಯ ಕಹಿಗೆ ನಾಲಗೆ ಹೊರಗೆ ಹಾಕಿ. ಆಮೇಲೆ ಇವಳನ್ನು ಮೇಲಿಂದ ಕೆಳಗೆ ನೋಡಿ, "ನಿನಗೂ ಒಂದು ಗುರುತು ಬೇಕು, ಇಲ್ಲದಿದ್ರೆ ಕರೆಯೋಕಾಗಲ್ಲ. ನೀನು ಬಸ್ಸಲ್ಲಿ ಬಂದೆಯಲ್ವಾ? ಬಸ್ಸು ಅಳಿವೆ" ಎಂದು ತೀರ್ಪು ಕೊಟ್ಟಳು. ಎಲ್ಲ ಸೇರಿ ಅರ್ಧ ನಿಮಿಷ ಹಿಡಿಯಿತು.

ಆ ಮಧ್ಯಾಹ್ನವೆಲ್ಲ ಬಸ್ಸು ಅಳಿವೆ ಉಳಿದ ಅಳಿವೆಯರ ಜೊತೆ ಮೊಣಕಾಲುದ್ದ ಕೆಸರಲ್ಲಿ ಏಡಿ ಹಿಡಿದಳು. ನಾವಿಬ್ಬರೂ ಆಸ್ಪತ್ರೆಯ ಜಗಲಿಯಲ್ಲಿ ಕೂತು ಚಹಾ ಕುಡಿದೆವು. "ಬೇಜಾರಾಯ್ತಾ?" ಎಂದು ಹೆಂಡತಿ ಕೇಳಿದಳು. "ಸ್ವಲ್ಪ" ಎಂದೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಮೊಣಕಾಲು ಗಾಯದ ದಿನದಿಂದ ನಮ್ಮಿಬ್ಬರ ನಡುವೆ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಯಿತು.

ಶಾಲೆ ತೆರೆದ ದಿನ ಟೀಚರ್ ಎಂದಿನಂತೆ "ಅಳುವೆ" ಎಂದರಂತೆ. ನನ್ನ ಮಗಳು ಎದ್ದುನಿಂತು, "ಅಳಿವೆ, ಮಿಸ್. ಆ ಹೆಸರಿನವರು ನಾವು ಹನ್ನೆರಡು ಜನ ಇದ್ದೀವಿ. ನಾನು ಬಸ್ಸು ಅಳಿವೆ" ಎಂದಳಂತೆ. ತರಗತಿಗೆ ಅಳುವೆಗಿಂತ ಬಸ್ಸು ಹೆಚ್ಚು ಹಿಡಿಸಿತು. ವಾರದೊಳಗೆ ಇಡೀ ಶಾಲೆಗೆ ಅವಳು ಬಸ್ಸು. ವರ್ಷದೊಳಗೆ ನಮ್ಮ ಬೀದಿಗೂ. ಆ ಹೆಸರಿಗೆ ಅವಳು ಓಗೊಡುವಾಗಿನ ಖುಷಿ ನೋಡಿದರೆ ಬೇಡ ಎನ್ನುವ ಬಾಯಿ ನನಗೆಲ್ಲಿಂದ ಬರಬೇಕು?

ಈಗ ಅವಳು ಕಾಲೇಜಿನಲ್ಲಿದ್ದಾಳೆ. ನಿನ್ನೆ ಯಾರೋ ಗೆಳತಿ ಫೋನ್ ಮಾಡಿ, "ಅಂಕಲ್, ಬಸ್ಸು ಇದ್ದಾಳಾ?" ಎಂದಳು.

"ಇದ್ದಾಳೆ, ಒಂದು ನಿಮಿಷ ತಡಿಯಮ್ಮ" ಎಂದು ನಾನು ಮಹಡಿಯ ಕಡೆ ಮುಖ ಮಾಡಿ, "ಬಸ್ಸೂ, ನಿನಗೆ ಫೋನು!" ಎಂದು ಕೂಗಿದೆ.