ದಿಂಬು ಹಿಡಿದು ದೋಣಿ ನೋಡಿದವರು

ನಮ್ಮ ಭಾವ ಕೊಳ್ಳಲೆಂದು ದೋಣಿ ನೋಡಲು ಹೊರಟರೆಂದರೆ ಕಂಕುಳಲ್ಲಿ ಒಂದು ದಿಂಬು ಇರಲೇಬೇಕಿತ್ತು. ಮಿಕ್ಕವರು ಇಂಜಿನ್ನಿನ ಮುಚ್ಚಳ ತೆಗೆಸುತ್ತಾರೆ, ಹಲಗೆಗಳನ್ನು ತಟ್ಟಿ ಆಲಿಸುತ್ತಾರೆ, ತಳದಲ್ಲಿ ನೀರು ಜಿನುಗಿದೆಯೇ ಎಂದು ಬಗ್ಗಿ ನೋಡುತ್ತಾರೆ. ಇವರು ಮಾತ್ರ ಬೂಟು ಕಳಚಿ, ಮಂಡಿಯವರೆಗೆ ಇಳಿಬೀಳುವ ಕಂದು ಕೋಟನ್ನು ಮಡಿಚಿ ಪಕ್ಕಕ್ಕಿಟ್ಟು, ಪರರ ದೋಣಿಯ ಮಂಚದಲ್ಲಿ ಸ್ವಂತ ದಿಂಬಿಗೆ ತಲೆಕೊಟ್ಟು ನಿರಾತಂಕವಾಗಿ ಕಣ್ಣು ಮುಚ್ಚುತ್ತಿದ್ದರು. ಗೊರಕೆ ಬಂದರೆ ದೋಣಿ ಪಾಸು. ಆ ಹೊತ್ತಿನಲ್ಲಿ ದಲ್ಲಾಳಿ ನನ್ನ ಮುಖ ನೋಡುತ್ತಿದ್ದ, ನಾನು ನೀರು ನೋಡುತ್ತಿದ್ದೆ.

ಭಾವನದು ಹಾಸಿಗೆ ಅಂಗಡಿ. ಯೌವನವಿಡೀ ಬೆನ್ನ ಮೇಲೆ ಹಾಸಿಗೆ ಹೊತ್ತು ಮಹಡಿ ಹತ್ತಿಳಿದು, ಅವರ ನಡಿಗೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುವಂತಾಗಿತ್ತು. ಬಂದರಿನ ಜನ ಅದನ್ನು ಕಂಡು, ಯಾರೋ ಹಳೆಯ ನಾವಿಕನೆಂದು ಗೌರವದಿಂದ ದಾರಿ ಬಿಡುತ್ತಿದ್ದರು. ಇವರೂ ಕೋಟಿನ ಜೇಬಿಗೆ ಕೈ ಇಳಿಸಿ ಆ ಗೌರವವನ್ನು ಗಂಭೀರವಾಗಿ ಸ್ವೀಕರಿಸುತ್ತಿದ್ದರು. ಗಿರಾಕಿಗಳಿಗೆ ಅವರು ಹೇಳುತ್ತಿದ್ದ ಮಾತೊಂದಿತ್ತು: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಕಾಲಿದ್ದಷ್ಟು ಹಾಸಿಗೆ ಮಾಡಿಸ್ಕೊಳ್ಳಿ ಅಂತೀನಿ ನಾನು."

ಅಂಗಡಿಯನ್ನು ಮಗಳಿಗೊಪ್ಪಿಸಿದ ಮೇಲೆ ಅವರ ತಲೆಗೆ ಹೊಕ್ಕದ್ದು ಈ ದೋಣಿ. ಆಕಾರದಲ್ಲಿ ಮೀನುಗಾರರ ಟ್ರಾಲರು, ಎತ್ತರದ ಮೂತಿ, ಅಗಲ ಹೊಟ್ಟೆ. ಒಳಗೆ ಮಾತ್ರ ಮೀನಿನ ಬದಲು ಅಡುಗೆಮನೆ, ಮಲಗುವ ಕೋಣೆ, ಕಿಟಕಿಗೆ ಪರದೆ. ಆಮೆಯ ವೇಗದಲ್ಲಿ ದಡ ಹಿಡಿದು ಊರಿಂದೂರಿಗೆ ಹೋಗಬಹುದಾದ ಅಂಥ ವಿಹಾರದೋಣಿಯನ್ನು, ಹಳೆಯದಾದರೂ ಸರಿ, ಕೊಂಡು ಅಕ್ಕನೊಡನೆ ಉಳಿದ ಆಯುಷ್ಯವನ್ನು ನೀರಿನ ಮೇಲೆ ಕಳೆಯಬೇಕೆಂಬುದು ಅವರ ಸಂಕಲ್ಪ. ಅವಳಿಲ್ಲದೆ ದೋಣಿಯೇ ಬೇಡ ಎನ್ನುತ್ತಿದ್ದರು. ಆದರೆ ಬರುತ್ತೀಯಾ ಎಂದು ಅವಳನ್ನು ಒಮ್ಮೆಯೂ ಕೇಳಿದವರಲ್ಲ. ಅಂಗಡಿಯ ಹಿಂಬದಿಯಲ್ಲಿ ಹೊಲಿಗೆ ಯಂತ್ರ ತುಳಿದು ತುಳಿದು ಮಂಡಿ ಸವೆಸಿಕೊಂಡ ನನ್ನ ಅಕ್ಕ ಈ ಉತ್ಸಾಹವನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು, ನನಗೆ ಭಾವನ ಮೇಲೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ನೀಲಿ ಬಣ್ಣದ ದೋಣಿಯೊಂದು ಸಿಕ್ಕಿತು. ಕೆಳಗಿನ ಕೋಣೆಯಲ್ಲಿ ಭಾವ ಗೊರಕೆ ಹೊಡೆದದ್ದಷ್ಟೇ ಅಲ್ಲ, ಕನಸನ್ನೂ ಕಂಡೆದ್ದರು. ಪರೀಕ್ಷೆಗೆ ಕರೆಸಿದ ಮೆಕ್ಯಾನಿಕ್ಕು ಇಂಜಿನ್ನೂ ಗಟ್ಟಿ, ತಳವೂ ಗಟ್ಟಿ ಎಂದ. ಊಟದ ಮೇಜಿನಲ್ಲಿ ಅವರು ಆ ಮಂಚದ ಗುಣಗಾನ ಮಾಡುತ್ತಿರುವಾಗ ಅಕ್ಕ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು:

"ಎಲ್ಲಾ ದೋಣಿಗೂ ಒಂದೇ ದಿಂಬು ತಗೊಂಡು ಹೋಗ್ತೀರಲ್ಲ. ನಾನೇನು ಕೂತ್ಕೊಂಡೇ ಬರ್ಬೇಕಾ?"

ಮಾರನೆಯ ಬೆಳಿಗ್ಗೆ ಭಾವನ ಎರಡೂ ಕಂಕುಳಲ್ಲಿ ದಿಂಬುಗಳಿದ್ದವು, ಹಿಂದೆ ಅಕ್ಕ ಇದ್ದಳು.

ಆ ನೀಲಿ ದೋಣಿಯ ಮಲಗುವ ಕೋಣೆಗೆ ಕಡಿದಾದ ಏಣಿಯಿತ್ತು. ಅಕ್ಕ ಹಿಮ್ಮುಖವಾಗಿ, ಕಂಬಿ ಹಿಡಿದು ಹೇಗೋ ಇಳಿದಳು. ಮಂಚದ ಅಂಚಿನಲ್ಲಿ ಕೂತು, ಚೆನ್ನಾಗಿದೆ ಎಂದೂ ಅಂದಳು. ಹತ್ತುವಾಗ ಮಾತ್ರ ಅರ್ಧಕ್ಕೇ ನಿಂತುಬಿಟ್ಟಳು.

"ಮಂಡಿ ಏಳ್ತಾ ಇಲ್ಲ ಕಣೋ," ಎಂದಳು. ಹೇಳಿದ್ದು ನನಗೆ, ಗಂಡನಿಗಲ್ಲ.

ನಾನು ಮೇಲಿಂದ ಎಳೆದೆ, ಭಾವ ಕೆಳಗಿಂದ ಆಸರೆ ಕೊಟ್ಟರು. ಅವಳು ಮೇಲೆ ಬಂದು ಉಸಿರು ತಿರುಗಿಸಿಕೊಳ್ಳುತ್ತಿದ್ದಾಗ, ಅವರು ಆ ಏಣಿಯನ್ನು ಅದೇ ಮೊದಲ ಸಲ ಕಂಡವರಂತೆ ನೋಡುತ್ತ ನಿಂತಿದ್ದರು. ಆ ಮಂಡಿಯ ನೋವು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಸಂಜೆ ಎಣ್ಣೆ ತಿಕ್ಕುತ್ತಿದ್ದವರೇ ಅವರು. ಆ ಮಂಡಿಯನ್ನೂ ಈ ಏಣಿಯನ್ನೂ ಒಟ್ಟಿಗೆ ನೆನೆದಿರಲಿಲ್ಲ, ಅಷ್ಟೆ.

"ಇದು ಬೇಡಪ್ಪ," ಎಂದರು.

"ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ರಲ್ಲ ಸಾರ್!" ದಲ್ಲಾಳಿ ಗೋಗರೆದ.

"ಮಾಡಿದ್ದು ನಾನೊಬ್ಬನೇ."

ಕೊನೆಗೆ ಕೊಂಡದ್ದು ಅದಕ್ಕಿಂತ ಹಳೆಯದು, ಬಣ್ಣ ಕಿತ್ತುಬಂದದ್ದು. ಮಂಚ ಚುಕ್ಕಾಣಿಯ ಕೋಣೆಯ ಪಕ್ಕದಲ್ಲೇ ಇದೆ, ಮೆಟ್ಟಿಲಿಲ್ಲ. ಆದರೆ ಅದರ ಕೆಳಗೇ ಇಂಜಿನ್ನು. ನಾನು ಜೊತೆಗೆ ಹೋದ ಮಧ್ಯಾಹ್ನ ಅಕ್ಕ ಕಾಲು ಚಾಚಿ ಮಲಗಿದ್ದಳು, ಪಕ್ಕದಲ್ಲಿ ಭಾವನ ದಿಂಬು ತಗ್ಗು ಬೀಳದೆ ಹೊಸದರಂತೆ ಉಬ್ಬಿಕೊಂಡಿತ್ತು. ಅವರು ನಿದ್ದೆಗೆಟ್ಟು ಕೆಂಪಗಾದ ಕಣ್ಣು ಬಿಟ್ಟುಕೊಂಡು ಚುಕ್ಕಾಣಿ ಹಿಡಿದಿದ್ದರು.

"ಈ ಸದ್ದಲ್ಲಿ ನಿಮಗೆ ನಿದ್ದೆ ಬರುತ್ತಾ ಭಾವ?"

"ಶ್! ಗೊರಕೆ ಹೊಡೀತಿದಾಳೆ, ಕೇಳಿಸ್ತಾ?" ಎಂದರು, ದೋಣಿ ಪಾಸಾದ ಸಂಭ್ರಮದಲ್ಲಿ. ನನಗೆ ಇಂಜಿನ್ನಿನ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ.

ತಮ್ಮ ಮೈಯನ್ನೇ ಅಳತೆಗೋಲಾಗಿಸಿಕೊಂಡು ಮನೆಮಂದಿಯ ಸುಖವನ್ನೆಲ್ಲ ಅಳೆಯುವವರು ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ದುಷ್ಟರಲ್ಲ, ಪ್ರೀತಿಯಿಲ್ಲದವರಂತೂ ಅಲ್ಲವೇ ಅಲ್ಲ. ತಮಗೆ ಹಿತವಾದದ್ದು ಎಲ್ಲರಿಗೂ ಹಿತವೆಂದು ಯಾರನ್ನೂ ಕೇಳದೆ ನಂಬಿದವರು. ಅವರಿಗೆ ಹೇಳುವವರು ಕಡಿಮೆ, ಹೇಳಿದರೆ ಅವರಲ್ಲಿ ಕಿವಿಗೆ ಹಾಕಿಕೊಳ್ಳುವವರು ಇನ್ನೂ ಕಡಿಮೆ. ನಮ್ಮ ಭಾವನಿಗೂ ಕೇಳಿಸಿದ್ದು ತಡವಾಗಿಯೇ. ಆದರೆ ಅವರು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ.